ತಟ್ಟೆ ಹಿಡಿದ ಕೈ

ಕನಕಪುರ
ಗುರುವಾರ, ೫ ಫೆಬ್ರವರಿ ೨೦೨೬

ಮಗಳು ಭಾನುಪ್ರಿಯಳಿಗೆ ನಿನ್ನ ಅತ್ತೆಯ ಪ್ರೀತಿಯ ವಂದನೆಗಳು.

ಕಾಗದದ ನೆತ್ತಿಯ ಮೇಲೆ ಕರ್ತನ ನಾಮ ಬರೆಯದೆ ನಾನು ಅಂಗಡಿ ಸಾಮಾನಿನ ಚೀಟಿಯನ್ನೂ ಶುರು ಮಾಡುವವಳಲ್ಲ, ನಿನಗೇ ಗೊತ್ತು. ಅದಕ್ಕೆ ನೀನು ನಗುತ್ತಿದ್ದೆ, ‘ಜೀರಿಗೆ ಸಾಸಿವೆಗೂ ಆಶೀರ್ವಾದ ಬೇಕಾ ಅತ್ತೆ’ ಅಂತ. ಈವತ್ತು ಆ ಜಾಗ ಖಾಲಿ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಬರೆಯಲು ಕೈ ಬರಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ತಂಗಿ ದೀನಳ ಕಾಲಿನ ಬಾವು ಇಳಿದಿದೆ, ಬಾಯಿಯ ಜೋರು ಮಾತ್ರ ಇಳಿದಿಲ್ಲ. ಮಂಚದ ಮೇಲೆ ಕೂತೇ ಬೀದಿಯನ್ನೆಲ್ಲ ಆಳುತ್ತಾಳೆ. ನಾನು ಹಿತ್ತಿಲಲ್ಲಿ ಕೂತು ಅವರ ಮರದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತೇನೆ. ನಿನಗೂ ಒಂದು ಮಡಕೆ ತುಂಬಿಸಿ ಇಟ್ಟಿದ್ದೇನೆ. ಚನ್ನಪಟ್ಟಣದಲ್ಲಿ ನಲ್ಲಿ ನೀರು ಸರಿಯಾಗಿ ಬರುತ್ತಿದೆಯೇ? ಹಿಂದಿನ ಡ್ರಮ್ಮಿಗೆ ಮುಚ್ಚಳ ಹಾಕುವುದನ್ನು ಮರೆಯಬೇಡ. ಸೊಳ್ಳೆಯ ವಿಷಯದಲ್ಲಿ ನಮ್ಮ ಮನೆಯವರು ಮೈಮರೆಯುವಂತಿಲ್ಲ.

ನೋಡು, ಹೇಗೆ ಸುತ್ತಿ ಬಳಸುತ್ತಿದ್ದೇನೆ. ಹೇಳಬೇಕಾದ್ದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿದೆ. ಫೋನ್ ಮಾಡಬಹುದಿತ್ತು. ಆದರೆ ನೀನು ‘ಅತ್ತೆ, ಊಟ ಆಯ್ತಾ’ ಅಂದರೆ ಸಾಕು, ನಾನು ಮತ್ತೆ ಏನಾದರೊಂದು ಸುಳ್ಳು ಹೇಳಿಬಿಡುತ್ತೇನೆ. ಬರೆದ ಅಕ್ಷರದಿಂದ ಮಾಡಿದ ಪಾಪ ಇದು. ಬರೆದೇ ಒಪ್ಪಿಕೊಳ್ಳಬೇಕು.

ಹೊಸ ವರ್ಷದ ದಿನ ನಿನ್ನ ಕೈಗೆ ಬಂದ ವಾಗ್ದಾನದ ಕಾರ್ಡು ತಾನಾಗಿ ಬಂದದ್ದಲ್ಲ, ಭಾನು. ನಾನು ಅದನ್ನು ನಿನ್ನ ಬೆರಳಿನ ಕೆಳಗೆ ಇಟ್ಟೆ.

ನೀನು ಮದುವೆಯಾಗಿ ನಮ್ಮ ಸಭೆಗೆ ಬಂದ ಮೊದಲ ವರ್ಷ ಕೇಳಿದ್ದೆ, ಇದೇನತ್ತೆ ತಟ್ಟೆಯ ತುಂಬ ಚೀಟಿ ಅಂತ. ನಾನೇ ದೊಡ್ಡ ಪಂಡಿತೆಯ ಹಾಗೆ ತಿಳಿಸಿಕೊಟ್ಟಿದ್ದೆ. ಒಂದೊಂದು ಕಾರ್ಡಿನಲ್ಲಿ ಸತ್ಯವೇದದ ಒಂದೊಂದು ವಾಕ್ಯ ಇರುತ್ತದೆ, ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಒಂದನ್ನು ಎತ್ತಿಕೊಳ್ಳಬೇಕು. ಆ ವಾಕ್ಯವೇ ಆ ವರ್ಷಕ್ಕೆ ದೇವರು ನಿನಗೆ ಕೊಟ್ಟ ಮಾತು. ಇಷ್ಟು ಹೇಳಿಕೊಟ್ಟವಳೂ ನಾನೇ, ನನ್ನ ಅಕ್ಷರ ಮುತ್ತಿನಂತಿದೆ ಎಂದು ಸಭೆಯವರು ಹೊಗಳುವುದಕ್ಕೆ ಉಬ್ಬಿ ವರ್ಷವರ್ಷವೂ ಅಷ್ಟೂ ಕಾರ್ಡು ಬರೆಯುವವಳೂ ನಾನೇ, ತಟ್ಟೆ ಹಿಡಿದು ನಿಲ್ಲುವವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಮನೋಹರನ ವಿಷಯ ನೀನು ನನ್ನಿಂದ ಮುಚ್ಚಿಡಲಿಲ್ಲ. ಕನಕಪುರದಿಂದ ಗೂಡ್ಸ್ ಆಟೋದಲ್ಲಿ ಬೊಂಬೆಗೆ ಆಲೆ ಮರ ತರುವ ಹುಡುಗ, ನೀನು ಅರಗಿನ ಬಣ್ಣ ಹಾಕುವ ಕಾರ್ಖಾನೆಗೆ ಬಂದುಹೋಗುವವನು, ಇಲ್ಲಿನ ಸಭೆಯವನು, ತಂಗಿಯರ ಮದುವೆ ಮಾಡುವುದರಲ್ಲೇ ತನ್ನ ವಯಸ್ಸು ಕಳೆದುಕೊಂಡವನು. ನನ್ನ ಮಗ ಹೋದ ಮೇಲೆ ಒಂಟಿಯಾದ ನಿನ್ನನ್ನು ಮದುವೆಯಾಗುತ್ತೇನೆ ಎಂದು ನನ್ನ ಎದುರಿಗೇ ಬಂದು ಕೇಳಿದ. ನಾನು ಕಾಫಿ ಕೊಟ್ಟು, ಯೋಚನೆ ಮಾಡೋಣ ಎಂದು ಕಳಿಸಿದೆ. ಆಮೇಲೆ ನೀನು ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ, ಒಂದು ಮಾತು ಹೇಳಿದೆ: ‘ನನಗೆ ಒಪ್ಪಿಗೆ ಇರೋ ಹಾಗಿದೆ ಅತ್ತೆ. ಆದ್ರೆ ಹೊಸ ವರ್ಷಕ್ಕೆ ವಾಕ್ಯ ಹೆಂಗ್ ಬರುತ್ತೋ ಹಂಗೇ ಮಾಡ್ತೀನಿ.’

ಆ ಮಾತು ನನ್ನ ಕೈಗೆ ಕೀಲಿಕೈ ಕೊಟ್ಟ ಹಾಗಾಯಿತು.

ಸತ್ಯವೇದದಲ್ಲಿ ಮೋವಾಬ್ ದೇಶದ ಆ ಸೊಸೆ, ಗಂಡ ಸತ್ತ ಮೇಲೂ ಅತ್ತೆಯನ್ನು ಬಿಟ್ಟುಹೋಗುವುದಿಲ್ಲ, ನೀನು ಹೋದಲ್ಲಿಗೆ ಬರುತ್ತೇನೆ, ನಿನ್ನ ದೇವರೇ ನನಗೂ ದೇವರು ಎಂದು ಹಟ ಹಿಡಿದಳಲ್ಲ, ಆ ವಾಕ್ಯವನ್ನು ಒಂದು ಕಾರ್ಡಿನ ಮೇಲೆ ಬರೆದೆ. ಎಲ್ಲಕ್ಕಿಂತ ಅಂದವಾಗಿ ಬರೆದೆ. ಅದನ್ನು ತಟ್ಟೆಯಲ್ಲಿ ಬೆರೆಸದೆ ಹೆಬ್ಬೆರಳಿನ ಅಡಿಯಲ್ಲಿ ಒತ್ತಿ ಹಿಡಿದುಕೊಂಡೆ. ನೀನು ಕಣ್ಣು ಮುಚ್ಚಿ ಬಂದೆ. ನಿನ್ನ ತುಟಿ ಅಲ್ಲಾಡುತ್ತಿತ್ತು. ನಿನ್ನ ಬೆರಳು ಆಗಲೇ ಬೇರೊಂದು ಕಾರ್ಡನ್ನು ಮುಟ್ಟಿತ್ತು. ನಾನು ಕೈ ನಡುಗಿದವಳ ಹಾಗೆ ತಟ್ಟೆಯನ್ನು ಹಿಂದಕ್ಕೆಳೆದು, ತಿರುಗಿಸಿ, ನನ್ನದನ್ನು ಮುಂದೆ ತಂದೆ. ನೀನು ಪಾಪ, ‘ನಿಧಾನ ಅತ್ತೆ’ ಅಂದೆ.

ನೀನು ಮೊದಲು ಮುಟ್ಟಿದ ಕಾರ್ಡಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನಿನ್ನ ಹಿಂದೆ ಬಂದ ಯಾರೋ ಅದನ್ನು ಎತ್ತಿಕೊಂಡು ಹೋದರು. ಈಗ ಯಾವ ಮನೆಯ ಗೋಡೆಯ ಮೇಲಿದೆಯೋ. ನಿನಗೆಂದು ಇದ್ದ ಮಾತನ್ನು ನಾನು ಎಲ್ಲಿಂದಲೂ ತಂದುಕೊಡಲಾರೆ.

ನೀನು ಕಾರ್ಡು ಓದಿ ಕಣ್ಣೀರಿಟ್ಟೆ. ಸಂತೋಷಕ್ಕೋ ದುಃಖಕ್ಕೋ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಅದೇ ವಾರ ನೀನು ಮನೋಹರನಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಆ ಕಾರ್ಡನ್ನು ಒಲೆಯ ಮೇಲಿನ ಕಟ್ಟೆಯಲ್ಲಿ, ಉಪ್ಪಿನ ಡಬ್ಬಿಯ ಹಿಂದೆ ಗೋಡೆಗೆ ಅಂಟಿಸಿದೆ. ರೊಟ್ಟಿ ತಟ್ಟುವಾಗ ದಿನವೂ ಅದನ್ನು ನೋಡಿ ಬಾಯಲ್ಲೇ ಓದಿಕೊಳ್ಳುತ್ತೀಯ. ನನ್ನ ಕೈಬರಹವನ್ನು ನೀನು ದೇವರ ಕೈಬರಹ ಅಂದುಕೊಂಡು ಓದುವಾಗ, ಎದುರಿಗೆ ಕೂತು ನಾನು ರೊಟ್ಟಿ ತಿಂದಿದ್ದೇನೆ. ಚಟ್ನಿಗೆ ಉಪ್ಪು ಕಡಿಮೆ ಎಂದು ದೂರು ಬೇರೆ ಹೇಳಿದ್ದೇನೆ.

ಸಂಕ್ರಾಂತಿಗೆ ನಿನ್ನ ಅವ್ವ ಬೈರಮ್ಮ ಅಕ್ಕೂರಿನಿಂದ ಎಳ್ಳು ಬೆಲ್ಲ ತಂದಿದ್ದರಲ್ಲ, ಆ ದಿನ ನೀನು ಅಂಗಡಿಗೆ ಹೋಗಿದ್ದಾಗ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ‘ಅಲ್ಲ ಬೀಗಿತ್ತಿ, ನಮ್ ಭಾನು ಇನ್ನೂ ಎಳೇ ಉಡ್ಗಿ. ಆ ಉಡ್ಗ ನಿಮ್ ಕಡೆಯೋನೇ, ಒಳ್ಳೇನು. ಇವ್ಳು ನೋಡುದ್ರೆ ದೇವ್ರೇ ಬ್ಯಾಡ ಅಂದವ್ನೆ ಅಂತಾಳೆ. ನಂಗೆ ಓದಾಕ್ ಬರಾಕಿಲ್ಲ. ನೀವೇ ಯೋಳಿ, ನಿಮ್ ದೇವ್ರು ನಿಜವಾಗ್ಲೂ ಅಂಗ್ ಬರ್ದವ್ನಾ?’ ಅಂತ ಕೇಳಿದರು. ನಾನು ಅವರ ಮುಖ ನೋಡಿಕೊಂಡೇ ಹೌದು ಅಂದೆ. ‘ಅಂಗಾರೆ ಮುಗೀತು ಬುಡಿ, ದೇವ್ರ್ ಮಾತ್ ಮೇಲೆ ನಮ್ದೇನೈತೆ’ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಮ್ಮ ದೇವರನ್ನು ಪೂಜಿಸದ ಹೆಂಗಸು ನಮ್ಮ ದೇವರ ಮಾತಿಗೆ ಅಷ್ಟು ಮರ್ಯಾದೆ ಕೊಟ್ಟರು. ಹುಟ್ಟಿದಾರಭ್ಯ ಆ ಮಾತನ್ನೇ ಉಂಡು ಬೆಳೆದ ನಾನು ಅದನ್ನು ಈಳಿಗೆಮಣೆಯ ಮೇಲಿಟ್ಟು ಬೇಕಾದಷ್ಟನ್ನೇ ಹೆಚ್ಚಿಕೊಂಡೆ.

ಯಾಕೆ ಹೀಗೆ ಮಾಡಿದೆ? ನಿನ್ನ ಒಳ್ಳೆಯದಕ್ಕೇ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಒಬ್ಬಳೇ ಆಗುತ್ತೇನೆಂಬ ಭಯವೂ ಅಲ್ಲ, ದೀನ ನನ್ನನ್ನು ತನ್ನ ಮನೆಗೆ ಕರೆಯುತ್ತಲೇ ಇದ್ದಾಳೆ. ಸುಜಯ ಡೆಂಗಿ ಜ್ವರದಲ್ಲಿ ಹೋದ ಮೇಲೆ, ನನ್ನ ಮಗ ಹೇಗೆ ಸೀನುತ್ತಿದ್ದ, ಸಾರು ಖಾರವಾದರೆ ಹೇಗೆ ಮುಖ ಮಾಡುತ್ತಿದ್ದ, ಹಾರ್ಮೋನಿಯಂ ಮುಂದೆ ಕೂತು ಹೇಗೆ ಸುಮ್ಮಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಎನ್ನುವುದು ನನ್ನ ಬಿಟ್ಟರೆ ಗೊತ್ತಿರುವುದು ನಿನಗೊಬ್ಬಳಿಗೇ. ನೀನು ಇನ್ನೊಬ್ಬನ ಮನೆ ತುಂಬಿದರೆ ಇದೆಲ್ಲ ನಿನಗೆ ಮರೆತುಹೋಗುತ್ತದೆ, ಆಗ ಅವನು ಇನ್ನೊಂದು ಸಲ ಸಾಯುತ್ತಾನೆ ಅನ್ನಿಸಿತು. ಅವನ ನೆನಪಿಗೆ ನಿನ್ನನ್ನು ಕಾವಲಿಗೆ ಕೂರಿಸಿದೆ. ಅದಕ್ಕೆ ದೇವರ ಹೆಸರಿನ ಬೀಗ ಹಾಕಿದೆ.

ಇಲ್ಲಿಗೆ ಬಂದ ಮೇಲೂ ಬಾಯಿ ಬಿಡುವ ಯೋಚನೆ ನನಗಿರಲಿಲ್ಲ. ಮೊನ್ನೆ ಮನೋಹರ ದೀನಳನ್ನು ನೋಡಲು ಬಂದ. ನನ್ನ ಮೇಲೆ ಮುನಿಸಿರಬಹುದು ಎಂದು ಮುದುಡಿ ಕೂತಿದ್ದೆ. ಅವನಾಗಿಯೇ ಬಂದು, ‘ಅವ್ರಿಗೆ ವಾಕ್ಯ ಹಂಗ್ ಬಂದೈತಂತೆ ಅಮ್ಮ. ದೇವ್ರ ಮಾತ್ಗೆ ಅಡ್ಡ ಹೋಗಿ ನಾನೇನ್ ಸುಖ ಕಾಣಾದು? ಒಸಿ ಬೇಜಾರಾಯ್ತು, ಅಷ್ಟೇಯ. ತಂಗೀರು ಮಾಗಡಿಲಿ ಒಂದ್ ಉಡ್ಗಿ ನೋಡವ್ರೆ. ಭಾನ್ವಾರ ಓಗಿ ಮಾತ್ ಕೊಟ್ಬುಟ್ ಬತ್ತೀನಿ’ ಅಂದ. ಈಸ್ಟರಿಗೆ ಮುಂಚಿನ ಶ್ರಮೆಯ ದಿನಗಳು ಶುರುವಾದರೆ ಮದುವೆ ಮಾಡುವಂತಿಲ್ಲ, ಅದಕ್ಕೇ ಅವರಿಗೆ ಅವಸರ. ನಾನು ಆಗಲೂ, ಭಾನು, ಒಳ್ಳೆಯದಾಗಲಿ ಎಂದು ಅವನ ತಲೆ ಮುಟ್ಟಿ ಕಳಿಸಿದೆ.

ನಿನ್ನೆ ಇಲ್ಲಿನ ಹೆಂಗಸರ ಪ್ರಾರ್ಥನಾ ಕೂಟ ದೀನಳ ಮನೆಯಲ್ಲೇ ಇತ್ತು. ವಾರಕ್ಕೊಂದು ಅಧ್ಯಾಯದಂತೆ ಸಾಲಾಗಿ ಓದಿಕೊಂಡು ಬರುತ್ತಿದ್ದಾರೆ. ಊರಿಂದ ಬಂದವಳು, ಒಳ್ಳೆಯ ದನಿ ಇದೆ ಎಂದು ನನ್ನ ಕೈಗೇ ಸತ್ಯವೇದ ಕೊಟ್ಟರು. ಗುರುತಿನ ದಾರ ಇದ್ದ ಪುಟ ತೆರೆದರೆ ಅದೇ ಅತ್ತೆ ಸೊಸೆಯರ ಅಧ್ಯಾಯ.

ನಾನು ಭಾನುವಾರದ ಶಾಲೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟ ಕಥೆ. ಧೈರ್ಯವಾಗಿಯೇ ಶುರು ಮಾಡಿದೆ. ಆದರೆ ಸೊಸೆ ಬಿಟ್ಟುಹೋಗುವುದಿಲ್ಲ ಎನ್ನುವುದು ಆಮೇಲೆ ಬರುವ ಮಾತು. ಅದಕ್ಕೆ ಮೊದಲು ಆ ಅತ್ತೆ ದಾರಿಯ ಮಧ್ಯದಲ್ಲಿ ನಿಂತು ಇಬ್ಬರು ಸೊಸೆಯರಿಗೂ ಹೇಳುತ್ತಾಳೆ: ಹಿಂದಕ್ಕೆ ಹೋಗಿರಮ್ಮ, ನಿಮ್ಮ ತಾಯಂದಿರ ಮನೆಗೆ ಹೋಗಿ, ಇನ್ನೊಬ್ಬ ಗಂಡನ ಮನೆಯಲ್ಲಿ ದೇವರು ನಿಮಗೆ ನೆಮ್ಮದಿ ಕೊಡಲಿ ಎಂದು. ಮುತ್ತಿಟ್ಟು, ಅತ್ತು, ಮತ್ತೆ ಮತ್ತೆ ಹೇಳುತ್ತಾಳೆ. ಅಲ್ಲಿಗೆ ಬಂದಾಗ ನಾನು ಸತ್ಯವೇದವನ್ನು ಮಡಿಲಲ್ಲಿ ಮುಚ್ಚಿಟ್ಟೆ. ಅತ್ತೆ ಬಿಟ್ಟ ಕೈಯನ್ನು ಆ ಸೊಸೆ ತಾನಾಗಿ ಹಿಡಿದಳು. ನಾನು ಬಿಡಲೇ ಇಲ್ಲವಲ್ಲ. ನಾನು ನಿನಗೆ ಸೊಸೆಯ ವಾಕ್ಯ ಬರೆದುಕೊಟ್ಟೆ, ಅತ್ತೆಯಾದ ನನ್ನ ವಾಕ್ಯ ಓದದೆ ಬಿಟ್ಟೆ.

ದೇವರ ವಾಕ್ಯಕ್ಕೆ ಬಲವಿದೆ, ಅದು ಎರಡೂ ಕಡೆ ಕತ್ತರಿಸುತ್ತದೆ ಎಂದು ನಮ್ಮ ಸಭಾಪಾಲಕರು ಹೇಳುವಾಗ ನಾನೇ ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನುತ್ತಿದ್ದೆ. ಕತ್ತರಿಸುವುದು ಪಕ್ಕದವರನ್ನು ಅಂದುಕೊಂಡಿದ್ದೆ. ನಿನ್ನೆ ನನ್ನ ಬಾಯಿಂದಲೇ ಹೊರಟು ನನ್ನನ್ನೇ ಸೀಳಿತು. ಕೂಟದವರು ನನಗೆ ಮಗನ ನೆನಪಾಯಿತು ಎಂದು ತಿಳಿದು ನೀರು ಕೊಟ್ಟರು, ಬೆನ್ನು ಸವರಿದರು. ಅವರ ಆ ಕರುಣೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಅವರು ಹೋದ ಮೇಲೆ ಆ ಕಥೆಯನ್ನು ಕೊನೆಯವರೆಗೂ ಓದಿದೆ. ಮಕ್ಕಳಿಗೆ ಹೇಳುವಾಗ ಸೊಸೆ ಹೊಲದಲ್ಲಿ ತೆನೆ ಆಯುವ ಚಿತ್ರ ಬಿಡಿಸಿ ಅಲ್ಲಿಗೇ ಮುಗಿಸುತ್ತಿದ್ದೆ. ಆಮೇಲೆ ಸೊಸೆಗೆ ಮತ್ತೊಬ್ಬ ಗಂಡನ ಮನೆ ಹುಡುಕಿಕೊಡುವುದು ಆ ಅತ್ತೆಯೇ. ಅವಳೇ ಮುಂದೆ ನಿಂತು ಕಳಿಸಿಕೊಡುತ್ತಾಳೆ. ಹುಟ್ಟಿದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಸಾಕುವವಳೂ ಅವಳೇ. ಯಾರೂ ಯಾರನ್ನೂ ಮರೆತಿಲ್ಲ ಅಲ್ಲಿ.

ಆದ್ದರಿಂದ ಭಾನು, ಉಪ್ಪಿನ ಡಬ್ಬಿಯ ಹಿಂದಿನ ಆ ಕಾರ್ಡನ್ನು ಕಿತ್ತುಹಾಕು. ವಾಕ್ಯ ಸತ್ಯವಾದದ್ದೇ, ಅದನ್ನು ಕೊಟ್ಟ ಕೈ ಸುಳ್ಳು. ಮನೋಹರ ಬೇಕು ಅನ್ನಿಸಿದರೆ ಭಾನುವಾರದೊಳಗೆ ಹೇಳು. ಬೇಡ ಅನ್ನಿಸಿದರೆ ಬೇಡ, ಆದರೆ ಆ ‘ಬೇಡ’ ನಿನ್ನದಾಗಿರಲಿ. ನನ್ನ ಮೇಲಿನ ಸಿಟ್ಟಿಗೆ ದೇವರನ್ನು ಬಿಡಬೇಡ ಎಂದು ಕೇಳಿಕೊಳ್ಳುವ ಯೋಗ್ಯತೆಯೂ ನನಗಿಲ್ಲ. ಆದರೂ ಕೇಳಿಕೊಳ್ಳುತ್ತೇನೆ.

ನಾನು ಸೋಮವಾರ ಬರುತ್ತೇನೆ. ಸಭಾಪಾಲಕರಿಗೆ ಎಲ್ಲ ಹೇಳಿ, ಕಾರ್ಡು ಬರೆಯುವ ಕೆಲಸ, ತಟ್ಟೆ ಹಿಡಿಯುವ ಕೆಲಸ ಎರಡನ್ನೂ ಬಿಡುತ್ತೇನೆ. ಅದಕ್ಕಿಂತ ಮೊದಲು ಅಕ್ಕೂರಿಗೆ ಹೋಗುತ್ತೇನೆ. ದೇವರು ಹಾಗೆ ಬರೆದಿರಲಿಲ್ಲ ಬೈರಮ್ಮ, ಬರೆದದ್ದು ನಾನು ಎಂದು ನಿನ್ನ ಅವ್ವನ ಎದುರು ನಿಂತು ಹೇಳಬೇಕು. ಸಭೆಯ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಅದೇ ನನಗೆ ಕಷ್ಟ. ನೀನು ನನಗೆ ಬಾಗಿಲು ತೆಗೆಯದಿದ್ದರೂ ನ್ಯಾಯವೇ.

ಇಂತಿ,
ಇದಕ್ಕಿಂತ ಹತ್ತಿರದ ಹೆಸರು ಬರೆದುಕೊಳ್ಳುವ ಹಕ್ಕು ಈವತ್ತು ಇಲ್ಲದ
ನಿನ್ನ ಅತ್ತೆ
ಎಸ್ತೇರಮ್ಮ

ಮತ್ತೊಂದು ಮಾತು: ಅಂಚೆಗೆ ಹಾಕಿದರೆ ಇದು ಭಾನುವಾರದೊಳಗೆ ನಿನ್ನ ಕೈ ಸೇರುವ ಭರವಸೆಯಿಲ್ಲ. ಅದಕ್ಕೇ ನಾಳೆ ಬೆಳಿಗ್ಗೆ ಮರ ಹೇರಿಕೊಂಡು ಚನ್ನಪಟ್ಟಣಕ್ಕೆ ಬರುವ ಗಾಡಿಯಲ್ಲಿ, ಹುಣಸೆಹಣ್ಣಿನ ಮಡಕೆಯ ಜೊತೆ ಕಳಿಸುತ್ತಿದ್ದೇನೆ. ತಂದುಕೊಟ್ಟವನು ಯಾರೆಂದು ನೋಡಿಯೇ ಇರುತ್ತೀಯ. ಒಳಗೇನಿದೆ ಎಂದು ಅವನಿಗೆ ಗೊತ್ತಿಲ್ಲ, ಅನ್ನದ ಗಂಜಿ ಹಚ್ಚಿ ಅಂಟಿಸಿಯೇ ಕೊಡುತ್ತೇನೆ. ಭಾನು ಓದಿ ಮುಗಿಸುವವರೆಗೆ ನಿಂತಿರು ಎಂದಷ್ಟೇ ಹೇಳಿದ್ದೇನೆ. ಇದೂ ತಟ್ಟೆ ತಿರುಗಿಸಿದ ಹಾಗೇ ಅಂತೀಯೇನೋ. ಅನ್ನು, ಬೈದುಕೋ. ಆದರೆ ಈ ಸಲ ನಿನ್ನ ಕಣ್ಣು ತೆರೆದಿದೆ. ಅವನು ಇನ್ನೂ ಬಿಸಿಲಲ್ಲೇ ನಿಂತಿರುತ್ತಾನೆ, ಉತ್ತರ ಏನೇ ಇರಲಿ, ಮೊದಲು ಒಂದು ಲೋಟ ನೀರು ಕೊಡು.