ಹನ್ನೊಂದು ಪಿಚರ್‌ಗಳು ಮತ್ತು ನನ್ನ ಮದುವೆ

ಪ್ರೀತಿಯ ಅಡಾ ದೊಡ್ಡಮ್ಮ,

ನನಗೆ ಮದುವೆ ಆಯಿತು. ಡೇಮಿಯನ್ ಜೊತೆ, ಹೋದ ಶನಿವಾರ ಮಧ್ಯಾಹ್ನ, ಇಲ್ಲೇ ಮಿಲ್ವಾಕಿಯಲ್ಲಿ, ಒಬ್ಬ ನಿವೃತ್ತ ನ್ಯಾಯಾಧೀಶೆಯ ಮನೆಯ ಗಾಜಿನ ಕೋಣೆಯಲ್ಲಿ. ಅವರು ಉಣ್ಣೆಯ ಮನೆಚಪ್ಪಲಿ ಹಾಕಿಕೊಂಡೇ ನಮ್ಮನ್ನು ಗಂಡ ಹೆಂಡತಿ ಅಂತ ಸಾರಿದರು. ನನಗೆ ನಗು ತಡೆಯಲಾಗದೆ ಪ್ರಮಾಣವಚನವನ್ನು ಎರಡು ಸಲ ಹೇಳಬೇಕಾಯಿತು. ಡೇಮಿಯನ್ ಒಂದೇ ಸಲಕ್ಕೆ ಹೇಳಿದ, ಆದರೆ ಹೇಳುತ್ತಾ ಅತ್ತುಬಿಟ್ಟ. ನೀನು ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಅವನನ್ನು ನೋಡಿ, "ಹುಡುಗ ತಿನ್ನೋದು ನೋಡಿದ್ರೆ ಒಳ್ಳೆಯವನೇ ಇರಬೇಕು" ಅಂದಿದ್ದೆಯಲ್ಲ, ಅವನೇ ಈಗ ನಿನ್ನ ಮನೆಯ ಅಳಿಯ. ಅಮ್ಮನಿಗೂ ಇನ್ನೂ ಹೇಳಿಲ್ಲ. ನಿನಗೇ ಮೊದಲು.

ಭೂತಗನ್ನಡಿಯ ದೀಪದ ಕೆಳಗೆ ನೀನೇ ಓದುವಂತಾಗಲಿ, ಪಕ್ಕದ ಮನೆಯವರ ಕೈಯಲ್ಲಿ ಓದಿಸಬೇಕಾಗದಿರಲಿ ಅಂತ ಕಪ್ಪು ಮಾರ್ಕರ್‌ನಲ್ಲಿ ಇಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಏಳೆಂಟು ಸಾಲು ಹಿಡಿಸಿದರೆ ಹೆಚ್ಚು. ಕಾಗದದ ಕಟ್ಟು ದಪ್ಪಗಾದರೆ ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಹೋಗ್ಲಿ ಬಿಡು ಮರಿ" ಅಂದುಬಿಡುತ್ತೀಯ, ನಾನೂ ಅಷ್ಟಕ್ಕೇ ಬಿಟ್ಟುಬಿಡುತ್ತೇನೆ. ಈ ಸಲ ಬಿಡಬಾರದು.

ಯಾವ ಶನಿವಾರ ಅಂತ ನಿನಗೆ ಈಗ ಹೊಳೆದಿರುತ್ತದೆ. ಹೌದು, ಅದೇ ಶನಿವಾರ. ನಿಮ್ಮ ಬೇಸ್‌ಬಾಲ್ ಲೀಗಿನ ಡ್ರಾಫ್ಟ್ ದಿನ, ಒಬ್ಬೊಬ್ಬರೂ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ದಿನ. ನನ್ನ ಫೋನ್ ಕೆಟ್ಟಿರಲಿಲ್ಲ ದೊಡ್ಡಮ್ಮ. ಅದು ಕಾರಿನಲ್ಲಿ, ನನ್ನ ಕೋಟಿನ ಜೇಬಿನಲ್ಲಿ ಚೆನ್ನಾಗಿಯೇ ಇತ್ತು.

ಎರಡು ವಾರದ ಹಿಂದೆ ನಿನ್ನ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ಚೆಂಡೆಸೆಯುವ ಪಿಚರ್‌ಗಳನ್ನು ಸಾಲು ಹಚ್ಚಿದ್ದು ನೆನಪಿದೆಯಾ? ಹೊರಗೆ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಒಲೆಯಲ್ಲಿ ನೀನು ನನಗೋಸ್ಕರ ಇಟ್ಟ ಆಲೂಗಡ್ಡೆಯ ಹಾಟ್‌ಡಿಶ್ ಬೇಯುತ್ತಿತ್ತು. ನಾನು ಒಂದೊಂದೇ ಆಟಗಾರನ ಕಾರ್ಡು ಎತ್ತಿ ಹೆಸರು ಓದುವುದು, ನೀನು ಕಣ್ಣು ಮುಚ್ಚಿಕೊಂಡು "ಮೇಲೆ", "ಇನ್ನೂ ಮೇಲೆ", "ಅವನನ್ನ ಕೆಳಗೆ ತಳ್ಳು" ಅನ್ನುವುದು. ದರ್ಜೆಗಳ ನಡುವೆ ಗೆರೆ ಎಳೆಯುವ ಬದಲು ನಿನ್ನ ಹೆಣಿಗೆ ಕಡ್ಡಿಗಳು. ಮೊದಲ ಕಡ್ಡಿಯ ಮೇಲೆ ಇರುವವರು ಇಡೀ ವರ್ಷ ನಂಬಬಹುದಾದವರು, ಎರಡನೆಯ ಕಡ್ಡಿಯ ತನಕ ಒಳ್ಳೆಯವರು, ಅದರ ಕೆಳಗೆ ಹಣೆಬರಹ. ಮೊಣಕೈ ಆಪರೇಷನ್ ಆದವನು ಎಷ್ಟೇ ಜೋರಾಗಿ ಎಸೆಯಲಿ, ಒಂದು ತಿಂಗಳು ಪೂರ್ತಿ ಆಡಿ ತೋರಿಸುವ ತನಕ ಅವನು ಎರಡನೆಯ ಕಡ್ಡಿ ದಾಟುವ ಹಾಗಿಲ್ಲ. ಕೋಚ್ ಬಂದು, ಎಸೆದದ್ದು ಸಾಕು, ಚೆಂಡು ಕೊಡು ಅಂದಾಗ ರೇಡಿಯೋದವರು "ಮುಖ ಸಿಂಡರಿಸಿಕೊಂಡು ಹೋದ" ಅಂದರೆ ಅವನಿಗೆ ಒಂದು ಸ್ಥಾನ ಬಡ್ತಿ. "ಆಟ ಬಿಟ್ಟು ಹೋಗೋಕೆ ಮನಸ್ಸಿಲ್ಲದವನು ಬೇಕು ನನಗೆ" ಅಂತ ನೀನು ಅಂದೆ. ಆ ಹ್ಯಾಲೊರನ್ ಹುಡುಗನನ್ನು ಯಾವ ಕಡ್ಡಿಗೆ ಕೂರಿಸುವುದು ಅನ್ನುವುದಕ್ಕೆ ನಾವು ಅರ್ಧ ಗಂಟೆ ಜಗಳ ಆಡಿದೆವು. ನೀನೇ ಗೆದ್ದೆ.

ಆಮೇಲೆ ಕಾಫಿ ಕುಡಿಯುವಾಗ ನೀನು ಮೆಲ್ಲಗೆ ಹೇಳಿದೆ, ನಿಮ್ಮ ಲೀಗಿನ ಡೆಲ್ಬರ್ಟ್ ಅಂಕಲ್ ಆಡಿದ ಮಾತನ್ನು. ಹಾರ್ಲನ್ ದೊಡ್ಡಪ್ಪ ಶುರು ಮಾಡಿದ ಲೀಗು ಅದು. ಅವರು ಹೋದ ಮೇಲೆ ಅವರ ಕುರ್ಚಿಯಲ್ಲಿ ನೀನು ಕೂತೆ. ಈಗ ನಿನ್ನ ಕಣ್ಣು ಮಂಜಾಗಿದೆ ಅಂತ, ಆ ಜಾಗವನ್ನು ತನ್ನ ಅಳಿಯನಿಗೆ ಕೊಡಬೇಕು ಅಂತ ಡೆಲ್ಬರ್ಟ್ ಅಂಕಲ್ ಎಲ್ಲರ ಮುಂದೆ ಅಂದರಂತೆ. "ಅಡಾ, ನೀನು ಶುಕ್ರವಾರ ಬಂದು ಮೀನು ತಿನ್ಕೊಂಡು ಹೋಗು, ಆಟದ ತಲೆನೋವು ಯಾಕೆ" ಅಂತ. ಅದಕ್ಕೆ ನೀನು, "ಈ ವರ್ಷದ ಡ್ರಾಫ್ಟ್ ನೋಡಿ ಆಮೇಲೆ ಮಾತಾಡು ಡೆಲ್ಬರ್ಟ್" ಅಂದು ಬಂದಿದ್ದೆ. ಹೇಳುವಾಗ ನಿನ್ನ ಕೈ ಲೋಟದ ಸುತ್ತ ಬಿಗಿಯಾಗಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೇ ಮಾತು ಕೊಟ್ಟೆ: ನೀನು ಯಾವತ್ತಿನಂತೆ ಬೌಲಿಂಗ್ ಹಾಲಿನ ಹಿಂದಿನ ಕೋಣೆಯಲ್ಲಿ ಲೀಗಿನವರ ಜೊತೆ ಕೂತಿರು, ನಾನು ಮಿಲ್ವಾಕಿಯಿಂದ ಕಂಪ್ಯೂಟರ್‌ನಲ್ಲಿ ನಿನ್ನ ಕಣ್ಣಾಗಿರುತ್ತೇನೆ, ನೀನು ಫೋನಿನಲ್ಲಿ ಹೆಸರು ಹೇಳು, ನಾನು ಒತ್ತುತ್ತೇನೆ ಅಂತ.

ಶುಕ್ರವಾರ ಸಂಜೆ ಆ ನ್ಯಾಯಾಧೀಶೆ ಫೋನ್ ಮಾಡಿದರು. ಡೇಮಿಯನ್ ಬೆಳೆದ ಬೀದಿಯವರು ಅವರು. ಚಿಕ್ಕಂದಿನಿಂದ ಅವನಿಗೆ ಪಿಯಾನೋ ನುಡಿಸಲು ತಮ್ಮ ಮನೆಯ ಬಾಗಿಲು ತೆರೆದಿಟ್ಟವರು. ಅವರೇ ಮದುವೆ ಮಾಡಿಸಬೇಕು ಅಂತ ಅವನಿಗೆ ಆಸೆ. "ನಾಳೆ ಮಧ್ಯಾಹ್ನ ಬಂದ್ರೆ ಸೈ, ಇಲ್ಲಾಂದ್ರೆ ನಾನು ಮಗಳ ಮನೆಯಿಂದ ಬರೋದು ಮೇ ತಿಂಗಳಿಗೆ" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡ್ರಾಫ್ಟ್ ಇರುವುದು ನನಗೆ ನೆನಪಿತ್ತು ದೊಡ್ಡಮ್ಮ, ಆಗ ನೆನಪಿತ್ತು. ಕಾಲು ಗಂಟೆಯ ಶಾಸ್ತ್ರ, ಮುಗಿಸಿ ಕಾರಿನಲ್ಲೇ ಕೂತು ಆಡಿದರಾಯಿತು ಅಂದುಕೊಂಡೆ. ನಿನ್ನ ಫೋನಿನಲ್ಲಿ ವಾಯ್ಸ್ ಮೆಸೇಜು ಬಿಟ್ಟೆ, ಸ್ವಲ್ಪ ತಡ ಆಗಬಹುದು, ಗಾಬರಿ ಆಗಬೇಡ ಅಂತ. ಮದುವೆಯ ಗುಟ್ಟನ್ನು ಆಟ ಮುಗಿದ ಮೇಲೆ ಒಡೆದು ನಿನ್ನನ್ನು ಬೆರಗುಗೊಳಿಸುವ ಯೋಚನೆ ನನ್ನದು. ಎಷ್ಟು ಜಾಣೆ ನೋಡು ನಾನು.

ಶನಿವಾರ ಬೆಳಿಗ್ಗೆ, ತಲೆಗೂದಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡೇ, ನಿನ್ನ ಪಿಚರ್‌ಗಳನ್ನೆಲ್ಲ ನೀನು ಹೇಳಿದ ಕ್ರಮದಲ್ಲಿ ಕಂಪ್ಯೂಟರ್‌ಗೆ ಹಾಕಿದೆ. ಒಂದು ಹೆಸರೂ ಹಿಂದುಮುಂದಾಗದಂತೆ ಹಾಕಿದೆ. ಬ್ಯಾಟರ್‌ಗಳನ್ನು ಹಾಕಲಿಲ್ಲ. ಅವರನ್ನು ನಿನ್ನನ್ನು ಕೇಳಿಕೊಂಡು ಆಗಿಂದಾಗ್ಗೆ ಆರಿಸಿದರಾಯಿತು, ಮೊದಲ ಸರದಿಯ ಹೊತ್ತಿಗೆ ನಾನು ಬಂದೇ ಇರುತ್ತೇನಲ್ಲ ಅಂದುಕೊಂಡೆ. ಸರದಿ ಬಂದಾಗ ಮನುಷ್ಯರು ಇಲ್ಲದಿದ್ದರೆ ಯಂತ್ರ ತನ್ನ ಮುಂದೆ ಇಟ್ಟ ಹೆಸರುಗಳನ್ನು ಮೇಲಿನಿಂದ ಒಂದೊಂದಾಗಿ ಎತ್ತುತ್ತಾ ಹೋಗುತ್ತದೆ ಅನ್ನುವುದು ಈ ಆಟ ಆಡುವ ಪುಟ್ಟ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು.

ನ್ಯಾಯಾಧೀಶೆಯ ತಂಗಿ ಸಾಕ್ಷಿ ಹಾಕಬೇಕಿತ್ತು, ಆಕೆ ಬರುವುದು ತಡವಾಯಿತು. ಆಮೇಲೆ ಶಾಸ್ತ್ರ. ಆಮೇಲೆ ಆಕೆ ನಿಂಬೆಯ ಕೇಕು ತಂದಿದ್ದಳು. ಡೇಮಿಯನ್ ಆ ಹಳೆಯ ಪಿಯಾನೋ ನುಡಿಸಿದ. ಗಾಜಿನಾಚೆ ಕೆರೆಯಂತೆ ಅಲ್ಲ, ಸಮುದ್ರದಂತೆ ಲೇಕ್ ಮಿಶಿಗನ್ ಹೊಳೆಯುತ್ತಿತ್ತು. ನಾನು ಚಪ್ಪಲಿ ಕಳಚಿ ಕುಣಿದೆ. ಕೆಲಸ ಬಂತು, ಕಾರು ಕೆಟ್ಟಿತು, ಯಾರೋ ತಡೆದರು ಅಂತ ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಯಾರೂ ತಡೆಯಲಿಲ್ಲ. ನಾನು ನಿನ್ನನ್ನು ಮರೆತೆ. ಅಷ್ಟೇ. ಅಷ್ಟು ಖುಷಿಯಾಗಿದ್ದೆ, ಮರೆತೆ. ಆ ಹೊತ್ತಿನ ಒಂದು ಫೋಟೋ ಇದೆ, ಬಾಯಿ ತುಂಬಾ ಕೇಕು ಇಟ್ಟುಕೊಂಡು ನಗುತ್ತಿದ್ದೇನೆ. ಡೇಮಿಯನ್ ಅದನ್ನು ಚೌಕಟ್ಟು ಹಾಕಿಸೋಣ ಅನ್ನುತ್ತಾನೆ. ನನಗೆ ಅದರ ಕಡೆ ನೋಡಲಾಗುವುದಿಲ್ಲ.

ಭಾನುವಾರ ನಿನಗೆ ಫೋನ್ ಮಾಡಿದಾಗ ನಿನ್ನ ಮೊದಲ ಮಾತು, "ನಿಂಗೇನೂ ಆಗಿಲ್ಲ ತಾನೆ?" ಅಂತ. ಇಡೀ ಸಂಜೆ ನಾನು ಎಲ್ಲೋ ಹಿಮದಲ್ಲಿ ಜಾರಿ ಬಿದ್ದಿದ್ದೇನೆ ಅಂತ ನೀನು ಹೆದರಿದ್ದೆಯಂತೆ. ಅಷ್ಟು ಕೇಳಿದ ಮೇಲೆ ನಿಜ ಹೇಳುವ ಧೈರ್ಯ ಬರಲಿಲ್ಲ. ಫೋನ್ ಕೆಟ್ಟಿತ್ತು ಅಂದೆ. "ಯಂತ್ರ ಅಲ್ವಾ, ಕೆಡತ್ತೆ" ಅಂದೆ ನೀನು. ಡ್ರಾಫ್ಟ್ ಹೇಗಾಯಿತು ಅಂದರೆ, "ಪಿಚರ್‌ಗಳು ಚೆನ್ನಾಗಿ ಸಿಕ್ಕಿದ್ರು" ಅಂದೆ. ನಾನು ಅದನ್ನೂ ನಂಬಿದೆ. ನಂಬಲು ಅನುಕೂಲವಾಗಿತ್ತು.

ನಿನ್ನೆ ಆರ್ನಿ ಅಂಕಲ್ ಫೋನ್ ಮಾಡಿದರು. ಲೀಗಿನ ಯಜಮಾನಿಕೆ ಅವರದಲ್ಲವಾ, ಅದಕ್ಕೆ. ಮೊದಲು ನಗುತ್ತಲೇ ಶುರು ಮಾಡಿದರು: "ಏನಮ್ಮ ಇಂಗಾ, ನಿಮ್ಮ ದೊಡ್ಡಮ್ಮ ಹನ್ನೊಂದು ಪಿಚರ್ ಇಟ್ಕೊಂಡು ಯಾರ ಮೇಲೆ ಯುದ್ಧಕ್ಕೆ ಹೊರಟಿದ್ದಾಳೆ?" ಆಮೇಲೆ ನಗು ಬಿಟ್ಟು ಎಲ್ಲ ಹೇಳಿದರು. ಮೊದಲ ಸರದಿಗೆ ಪಿಚರ್ ಬಂದಾಗ ಎಲ್ಲರೂ ಭೇಷ್ ಅಂದರಂತೆ. ಎರಡನೆಯದೂ ಪಿಚರ್, ಮೂರನೆಯದೂ ಪಿಚರ್. ಡೆಲ್ಬರ್ಟ್ ಅಂಕಲ್ ಶುರು ಮಾಡಿದರಂತೆ: "ಅಡಾ, ನಿನ್ನ ತಂಡದಲ್ಲಿ ಬ್ಯಾಟ್ ಹಿಡಿಯೋರು ಯಾರು, ನೀನಾ? ಎಲ್ಲರೂ ಎಸೀತಾನೇ ಇದ್ರೆ ಹೊಡೆಯೋರು ಯಾರು ತಾಯಿ?" ಆರ್ನಿ ಅಂಕಲ್ ಪಕ್ಕಕ್ಕೆ ಬಂದು, ನಾನು ಒತ್ತಿಕೊಡಲಾ ಅಂತ ಕೇಳಿದಾಗ ನೀನು ಅಂದೆಯಂತೆ: "ಬೇಡ ಆರ್ನಿ. ಇಂಗಾ ಈಗ ಬರ್ತಾಳೆ." ಆರನೆಯ ಪಿಚರ್ ಬಂದಾಗಲೂ ಅದೇ ಮಾತು. ಎಂಟನೆಯವನ ಹೊತ್ತಿಗೆ ನಗುವವರೂ ಸುಮ್ಮನಾದರಂತೆ. ಹನ್ನೊಂದನೆಯವನಿಗೆ ಪಿಚರ್‌ಗಳ ಜಾಗ ತುಂಬಿ, ಉಳಿದ ಕಡೆಗೆ ಬೇರೆಯವರು ಬಿಟ್ಟ ಬ್ಯಾಟರ್‌ಗಳನ್ನು ಯಂತ್ರ ತುರುಕಿತು.

ಇಷ್ಟಕ್ಕೇ ನಾನು ನಾಚಿಕೆಯಿಂದ ಕುಗ್ಗಿ ಹೋಗಿದ್ದೆ. ಆದರೆ ಅವರು ಇನ್ನೊಂದು ಮಾತು ಹೇಳಿದರು. ಎಲ್ಲ ಮುಗಿದ ಮೇಲೆ ಯಾರೋ, "ಆ ಹುಡುಗಿ ಕೈಕೊಟ್ಟಳು ಅನ್ಸತ್ತೆ" ಅಂದದ್ದಕ್ಕೆ ನೀನು ಎದ್ದು ನಿಂತೆಯಂತೆ. "ಇಂಗಾ ಎಲ್ಲಾ ಸರಿಯಾಗೇ ಹಾಕಿದ್ಳು. ಬೆಳಿಗ್ಗೆ ನಾನೇ ತಡಕಾಡಿ ಏನೋ ಒತ್ತಿ ಬ್ಯಾಟರ್‌ಗಳನ್ನೆಲ್ಲ ಅಳಿಸಿಬಿಟ್ಟೆ. ನನ್ನ ಕಣ್ಣು ಹೋಗಿದೆ. ತಪ್ಪು ನಂದು" ಅಂದೆಯಂತೆ.

ದೊಡ್ಡಮ್ಮ, ಯಾಕೆ ಹಾಗಂದೆ? ಆ ಕೋಣೆಯಲ್ಲಿ ಯಾವ ಮಾತನ್ನು ಯಾರ ಬಾಯಲ್ಲೂ ಕೇಳಬಾರದು ಅಂತ ನೀನು ಇಡೀ ಚಳಿಗಾಲ ಹೋರಾಡಿದೆಯೋ ಅದನ್ನು ನೀನೇ ಆಡಿದೆ. ನಾನು ಯಾಕೆ ಬರಲಿಲ್ಲ ಅಂತಲೂ ನಿನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನನ್ನ ಮೇಲೆ ಸೆರಗು ಹೊದಿಸಿದೆ. ಈಗ ಡೆಲ್ಬರ್ಟ್ ಅಂಕಲ್, "ಅವಳೇ ಒಪ್ಕೊಂಡಳಲ್ಲ" ಅನ್ನುತ್ತಿದ್ದಾರಂತೆ. ಬರುವ ವಾರ ಶುಕ್ರವಾರ ಮೀನೂಟದ ಹೊತ್ತಿಗೆ ನಿನ್ನ ಕುರ್ಚಿಯ ವಿಷಯ ಎಲ್ಲರೂ ಕೈಯೆತ್ತಿ ತೀರ್ಮಾನ ಮಾಡುತ್ತಾರಂತೆ. ಆರ್ನಿ ಅಂಕಲ್, "ನಿನ್ನ ದೊಡ್ಡಮ್ಮಂಗೆ ನೀನೇ ಸಮಾಧಾನ ಹೇಳಿ ಒಪ್ಪಿಸು ಮರಿ, ಮರ್ಯಾದೆಯಿಂದ ಬಿಟ್ಟುಕೊಡೋದು ಒಳ್ಳೇದು" ಅಂದರು.

ಡೇಮಿಯನ್‌ಗೆ ಈ ಆಟದ ಗಂಧ ಗಾಳಿ ಇಲ್ಲ. ಅವನಿಗೆ ಅರ್ಥ ಮಾಡಿಸಲು ಹೋದೆ. ಹನ್ನೆರಡು ಜನ ಸರದಿಯಂತೆ ನಿಜವಾದ ಆಟಗಾರರನ್ನು ಹಂಚಿಕೊಳ್ಳುತ್ತಾರೆ, ಅವರು ದೂರದ ಮೈದಾನದಲ್ಲಿ ಆಡಿದ್ದಕ್ಕೆ ಇಲ್ಲಿ ಇವರಿಗೆ ಅಂಕ ಬರುತ್ತದೆ ಅಂತ. "ಅಂದ್ರೆ ಇಲ್ಲದ ತಂಡಕ್ಕೆ ಇಷ್ಟೊಂದು ಅಳೋದಾ?" ಅಂದ. ಅವನು ತಮಾಷೆಗೆ ಅಂದದ್ದು. ಆದರೆ ನನಗೆ ಕೋಪ ಬಂತು, ಮದುವೆಯಾದ ಮೇಲಿನ ಮೊದಲ ಜಗಳ ನಿನ್ನ ದೆಸೆಯಿಂದಲೇ ಆಯಿತು. ತಂಡ ಇಲ್ಲದ್ದು ಇರಬಹುದು, ಕುರ್ಚಿ ಇದೆ ಅಂದೆ. ಶುಕ್ರವಾರ ಅವಳು ಆ ಕುರ್ಚಿಗೆ ಹೋಗಿ ಕೂತರೆ ಬ್ರಾಂಡಿ ಲೋಟ ಅವಳ ಮುಂದೆ ತಾನಾಗಿ ಬರುತ್ತದೆ, ದೊಡ್ಡಪ್ಪನ ಹೆಸರು ಒಂದು ಸಲವಾದರೂ ಯಾರಾದರೂ ಎತ್ತುತ್ತಾರೆ, ಅವಳ ಜೊತೆ ಯಾರಾದರೂ ಒಬ್ಬರು ಜಗಳ ಆಡುತ್ತಾರೆ. ಅದು ಹೋದರೆ ಅವಳಿಗೆ ಉಳಿಯುವುದು ಮೀನು ತಿಂದು ಹೋಗುವ ಅತಿಥಿಯ ಜಾಗ ಅಂದೆ. ಅದಕ್ಕೆ ಅವನು, "ನಮ್ಮ ಮದುವೆ ದಿನಾನೇ ಆಗಬೇಕಿತ್ತಾ ಇದು" ಅಂದ. ಅವನ ಮುಖ ಸಣ್ಣದಾಗಿತ್ತು. ಅವನ ಸಂತೋಷಕ್ಕೂ ನಾನೇ ಮಸಿ ಬಳಿದೆ.

ಆದ್ದರಿಂದ ಶುಕ್ರವಾರ ನಾನು ಬಂದು ಆ ಕೋಣೆಯಲ್ಲಿ ಎಲ್ಲರ ಮುಂದೆ ನಿಂತು ಹೇಳುತ್ತೇನೆ. ಅಡಾ ಏನನ್ನೂ ಅಳಿಸಿಲ್ಲ, ಅವಳು ಪಿಚರ್‌ಗಳನ್ನು ಕೂರಿಸಿದ ಕ್ರಮದಲ್ಲಿ ಒಂದು ತಪ್ಪೂ ಇಲ್ಲ, ಬ್ಯಾಟರ್‌ಗಳನ್ನು ಹಾಕದೆ ಕುಣಿಯಲು ಹೋದವಳು ನಾನು ಅಂತ. ಡೆಲ್ಬರ್ಟ್ ಅಂಕಲ್ ಬೈಯಲಿ, ಚೆನ್ನಾಗಿ ಬೈಯಲಿ. ಕೈಯೆತ್ತುವವರು ನಿಜ ಕೇಳಿ ಆಮೇಲೆ ಕೈಯೆತ್ತಲಿ. ಹನ್ನೊಂದು ಒಳ್ಳೆಯ ಪಿಚರ್‌ಗಳನ್ನು ಹಿಡಿದು ಕೂತವಳ ಹತ್ತಿರ ಜೂನ್ ತಿಂಗಳಿಗೆ ಎಲ್ಲರೂ ಆಟಗಾರರ ಅದಲುಬದಲಿಗೆ ಬರಲೇಬೇಕು, ಡೆಲ್ಬರ್ಟ್ ಅಂಕಲ್ ಕೂಡ. ಆ ಹೊತ್ತಿಗೆ ನೀನು ಆ ಕುರ್ಚಿಯಲ್ಲಿ ಇರಬೇಕು ಅಷ್ಟೇ. ನೀನು ನಡುವೆ ಬಾಯಿ ಹಾಕಬೇಡ. "ಪಾಪ, ಚಿಕ್ಕ ಹುಡುಗಿ" ಅನ್ನಬೇಡ. ನನ್ನನ್ನು ಕಾಪಾಡಬೇಡ ದೊಡ್ಡಮ್ಮ, ಈ ಒಂದು ಸಲ.

ಡೇಮಿಯನ್ ತಾನೂ ಬರುತ್ತೇನೆ ಅಂದ. ಬೇಡ ಅಂದೆ. ಅವನ ಕೈ ಹಿಡಿದು ಒಳಗೆ ಬಂದರೆ ಎಲ್ಲರೂ ಎದ್ದು ಬಂದು ತಬ್ಬಿಕೊಂಡು, ಮದುವೆ ಹುಡುಗಿ ಅಂತ ಎಲ್ಲವನ್ನೂ ಮನ್ನಿಸಿ ನಕ್ಕುಬಿಡುತ್ತಾರೆ. ಹಾಗೆ ಸಿಗುವ ಕ್ಷಮೆ ನನಗೆ ಬೇಡ. ಅವನು ಶನಿವಾರ ಸಂಜೆಯ ರೈಲಿಗೆ ಬರುತ್ತಾನೆ. ಆಗ ನೀನು ಮನಸ್ಸು ಮಾಡಿದರೆ ನಮ್ಮಿಬ್ಬರ ತಲೆಯ ಮೇಲೂ ಕೈ ಇಟ್ಟು ಹರಸು. ಮನಸ್ಸಾಗದಿದ್ದರೆ ಅವನ ತಲೆಯ ಮೇಲೊಂದೇ ಇಡು, ಅವನು ಏನೂ ಮಾಡಿಲ್ಲ.

ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ನಿನ್ನ ಮನೆಯ ಮೆಟ್ಟಿಲ ಮೇಲೆ ಇನ್ನೂ ಮಂಜುಗಡ್ಡೆ ಇರುತ್ತದೆ, ನನ್ನನ್ನು ಕರೆದೊಯ್ಯಲು ನಿಲ್ದಾಣಕ್ಕೆ ಬರಬೇಡ, ನಾನೇ ನಡೆದು ಬೌಲಿಂಗ್ ಹಾಲಿಗೆ ಬರುತ್ತೇನೆ.

ತಲೆ ತಗ್ಗಿಸಿಕೊಂಡು, ಆದರೂ ನಿನ್ನನ್ನು ನೋಡುವ ಆಸೆಯಿಂದ,
ಶುಕ್ರವಾರ ಸಂಜೆ ಬೋರಿಯಾಲಿಸ್ ರೈಲಿನಿಂದ ವಿನೋನಾದಲ್ಲಿ ಒಬ್ಬಳೇ ಇಳಿಯುವ,
ನಿನ್ನ ಇಂಗಾ