ಚೀಲ ಹಾಕಿಕೊಂಡ ನಿರ್ದೇಶಕಿ

ಫೆಬ್ರವರಿ 8, ಶನಿವಾರ

ಹನ್ನೆರಡನೇ ಸೋಲು, ಆದರೂ ಮನಸ್ಸು ಹಗುರ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಸೋಲಿಗೆ ನಾಚಿ ಜನ ಇವತ್ತೂ ತಲೆಗೆ ಕಾಗದದ ಚೀಲ ಹಾಕಿಕೊಂಡೇ ಕೂತಿದ್ದರು. ಕ್ರೀಡಾ ನಿರ್ದೇಶಕಿ ಲೊರೇನ್ ಅಧಿಕಾರಿಗಳು ಕೂರುವ ತನ್ನ ಗಾಜಿನ ಕೋಣೆ ಬಿಟ್ಟು ಬಂದು, ನನ್ನ ಗಂಡ ಆರ್ವಿಲ್ ತೀರಿಕೊಂಡಾಗಿನಿಂದ ಖಾಲಿಯಿರುವ ಪಕ್ಕದ ಕುರ್ಚಿ ತೋರಿಸಿ, "ಕೂರಲಾ?" ಎಂದಳು.

"ಕೋಚ್‌ನ ಯಾವಾಗ ಓಡಿಸ್ತೀರಮ್ಮ?" ಹಿಂದಿನ ಸಾಲಲ್ಲಿ ಚೀಲ ಹಾಕಿಕೊಂಡು ಕೂತಿದ್ದ ಡ್ವೇನ್ ಕೂಗಿದ.

"ಓಡಿಸಲ್ಲ. ಅವನು ತಂಡಕ್ಕೆ ಎತ್ತರದ ಇಬ್ಬರು ಹುಡುಗರನ್ನ ಕೇಳಿದ್ದ. ಬೇಡ ಅಂದಿದ್ದು ನಾನು. ತಪ್ಪು ನಂದು."

"ಹಾಗಾದ್ರೆ ಈ ಚೀಲ ನಿಮಗೇ ಸೇರ್ಬೇಕು, ತಗೊಳ್ಳಿ!"

ಲೊರೇನ್ ಹಾಕಿಕೊಂಡೇ ಬಿಟ್ಟಳು. ಡ್ವೇನ್ ಅದಕ್ಕೆ ಒಂದೇ ಕಣ್ಣು ಕೊರೆದಿದ್ದ.

"ಅಯ್ಯೋ, ಅರ್ಧ ಆಟನೇ ಕಾಣ್ತಿದೆ!"

"ನಿಮ್ಮ ಪುಣ್ಯ!"

ಇಡೀ ಸಾಲು ನಕ್ಕಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ನೋಡಿದರೆ, ಆರ್ವಿಲ್‌ನ ತೋಳು ಹಿಡಿಯುತ್ತಿದ್ದ ಹಾಗೆ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೆ. ಅವಳು ಬಿಡಿಸಿಕೊಳ್ಳಲಿಲ್ಲ.