ಜಪಾನಿಯಲ್ಲಿ ನೀನು ಚೆನ್ನಾಗಿದ್ದೀಯ

ಸಭಾಧ್ಯಕ್ಷರೇ, ಕಾಫಿ ಗಿಡಗಳೇ, ಮೆಣಸಿನ ಬಳ್ಳಿಗಳೇ, ಮತ್ತು ಉತ್ತರ ಬರೆಯುವ ಗೊಡವೆಯಿಂದ ಪಾರಾದ ಗೆಳೆಯ ಷಡಾಕ್ಷರಿಯೇ,

ವಿಶ್ವವಿದ್ಯಾಲಯದಲ್ಲಿ ಇಂದು ನನ್ನ ಎರಡನೇ ವರ್ಷದ ಜಪಾನಿ ಪರೀಕ್ಷೆ ಮುಗಿಯಿತು. ವಯಸ್ಸು ನಲವತ್ತಾರು, ಕೈಗೆ ಬಗ್ಗದ ಅಕ್ಷರ ನೂರಾರು. ಸೇರಿದ ದಿನ ನೀನು ನಕ್ಕಿದ್ದೆ: “ಕನ್ನಡ ಮೀಡಿಯಂ ಮಾರಾಯ ನೀನು, ಮೊದ್ಲು ಇಂಗ್ಲಿಷಲ್ಲಿ ಒಂದು ರಜಾ ಅರ್ಜಿ ಬರಿ ನೋಡಾಣ!” ಆಮೇಲೆ ನಮ್ಮ ತೋಟಗಳ ನಡುವಿನ ಬೇಲಿಗೆ ಜಗಳವಾಗಿ ಮಾತು ನಿಂತಿತು. ಅದು ಸರಿಹೋಗುವ ಮೊದಲೇ, ಹೋದ ವರ್ಷ, ನೀನು ತೀರಿಕೊಂಡೆ.

ಪರೀಕ್ಷೆಗೆ ಗೆಳೆಯನೊಬ್ಬನ ಬಗ್ಗೆ ಒಂದು ಪುಟ ಬರೆದು, ಅದರ ಮೇಲೆ ಐದು ನಿಮಿಷ ಮಾತಾಡಬೇಕಿತ್ತು. ನಿನ್ನ ಬಗ್ಗೆಯೇ ಬರೆದೆ. ಬೇಲಿ, ಸರ್ವೆ, ತಕರಾರು, ಇವಕ್ಕೆಲ್ಲ ಜಪಾನಿ ಪದ ನಾನಿನ್ನೂ ಕಲಿತಿಲ್ಲ. ಹಾಗಾಗಿ ಪ್ರತಿ ಭಾನುವಾರ ನಾವಿಬ್ಬರೂ ಗೋಣಿಬೀಡಿನ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತೇವೆ ಎಂದು ಬರೆದೆ.

ಪಾಠ ಮಾಡುವ ಕೃತಿಕಾ ಮೇಡಂ ನನ್ನ ಅರ್ಧ ವಯಸ್ಸಿನವರು. ಮೊನ್ನೆ ಭಾನುವಾರ ಏನು ಮಾತಾಡಿದಿರಿ ಎಂದು ಜಪಾನಿಯಲ್ಲೇ ಕೇಳಿದರು. ನನ್ನ ಜಪಾನಿ ಕೇಳಿ ಅವನು ಬಿದ್ದುಬಿದ್ದು ನಕ್ಕ ಎಂದೆ. ಒಂದೂ ತಪ್ಪಿಲ್ಲದೆ ಹೇಳಿದೆ.

ಅವರು ಪೆನ್ನು ಕೆಳಗಿಟ್ಟು ಕನ್ನಡಕ್ಕಿಳಿದರು. “ಎಷ್ಟು ಚೆನ್ನಾಗ್ ಮಾತಾಡಿದ್ರಿ ಸಾರ್! ಅವ್ರನ್ನೂ ಒಂದಿನ ಕ್ಲಾಸಿಗೆ ಕರ್ಕೊಂಡ್ ಬನ್ನಿ.”

“ಆಯ್ತು ಮೇಡಂ, ಕೇಳಿ ನೋಡ್ತೀನಿ.”

ನಮ್ಮೂರು ಬಾಳೂರಿನವರೆಗೂ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಮನೆಯಲ್ಲಿ ಕೇಳಿದ್ದಕ್ಕೆ, ಪರೀಕ್ಷೆಯ ಸುಸ್ತು ಎಂದೆ.

ಷಡಾಕ್ಷರಿ, ನಿನ್ನನ್ನು ಮಣ್ಣು ಮಾಡಿದ ದಿನ ನಾನು ಊರಿನಲ್ಲಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಇದ್ದೆ. ಮನೆಯೊಳಗೇ, ಬಾಗಿಲು ಹಾಕಿಕೊಂಡು ಕೂತಿದ್ದೆ.